ಬಾಡಿಗೆಗೆ ಕೊಟ್ಟ ಮನೆಗೆ ಚಳಿಗಾಲದಲ್ಲಿ ಒದಗುವ ಹಾನಿಯೂ ಅದರ ನಿವಾರಣೆಯೂ

ಮನೆಯು ಮಳೆಗಾಲದಲ್ಲಿ ಕೆಡುವುದು, ಬೇಸಗೆಯಲ್ಲಿ ದುರಸ್ತಿಯಾಗುವುದು, ಚಳಿಗಾಲದಲ್ಲಿ ತನ್ನ ಪಾಡಿಗೆ ತಾನಿರುವುದು ಎಂಬ ಭಾವನೆಯು ಚಿತ್ತಾಪುರ, ಸೇಡಂ ಸೀಮೆಯ ಜಮೀನುದಾರರಲ್ಲಿ ಬಹುಮಟ್ಟಿಗೆ ಬೇರೂರಿದೆ. ಕಾರ್ತಿಕದಿಂದ ಮಾಘದವರೆಗೆ ಅವರಿಗೆ ಹೊಲದ ಕೆಲಸವೇ ಸಾಕುಬೇಕಾಗಿರುತ್ತದೆ. ತೊಗರಿಯ ಕಟಾವು, ರಾಶಿ, ಹಿಂಗಾರಿ ಜೋಳದ ಕಾವಲು, ಕಡಲೆಯ ಕೀಟಬಾಧೆ, ಇವುಗಳ ನಡುವೆ ಸೋರದ ಮನೆಯ ಕಡೆಗೆ ಕಣ್ಣು ಹರಿಯುವುದಿಲ್ಲ. ತಾವೇ ವಾಸಿಸುವ ಮನೆಯಾದರೆ ಬಾಗಿಲು ಬಿಗಿಯಾದುದೂ ಗೋಡೆ ಸೀಳಿದುದೂ ನಿತ್ಯ ಕಣ್ಣಿಗೆ ಬೀಳುತ್ತವೆ. ಬಾಡಿಗೆಗೆ ಕೊಟ್ಟ ಮನೆಗೆ ಆ ಅನುಕೂಲವೂ ಇಲ್ಲ. ಹಿಂದೆ ಯಜಮಾನನು ತಿಂಗಳಿಗೊಮ್ಮೆ ಹಣಕ್ಕಾಗಿಯಾದರೂ ಅಂಗಳದವರೆಗೆ ಬರುತ್ತಿದ್ದನು. ಈಗ ಹಣವು ಮೊಬೈಲಿನ ಮೂಲಕವೇ ಬರುವುದರಿಂದ ಅಷ್ಟೂ ತಪ್ಪಿದೆ.

ಆದರೆ ಈ ಸೀಮೆಯಲ್ಲಿ ಮನೆಯ ಹಾನಿಗೆ ಬೀಜ ಬೀಳುವುದು ಚಳಿಗಾಲದಲ್ಲಿಯೇ. ಮಳೆಗಾಲವು ಅದನ್ನು ಬಯಲಿಗೆ ತರುತ್ತದೆ, ಅಷ್ಟೆ. ಆ ಬೀಜವನ್ನು ಹೇಗೆ ಗುರುತಿಸಬೇಕು, ಅದಕ್ಕೆ ಯಾವ ಉಪಾಯವನ್ನು ಮಾಡಬೇಕು, ಅದರ ಖರ್ಚು ಮತ್ತು ಹೊಣೆ ಯಾರ ಪಾಲಿಗೆ ಸೇರತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶೀತ ದೇಶಗಳಲ್ಲಿ ಚಳಿಗಾಲದ ಹಾನಿ ಎಂದರೆ ನೀರು ಹೆಪ್ಪುಗಟ್ಟುವುದರಿಂದ ಆಗುವ ಹಾನಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಆದಕಾರಣ ಅಲ್ಲಿ ನಳಗಳು ಒಡೆಯುತ್ತವೆ, ಕಲ್ಲುಗಳು ಸೀಳುತ್ತವೆ. ನಾಲವಾರದಲ್ಲಿ ಆ ಭಯವಿಲ್ಲ. ಇಲ್ಲಿ ಡಿಸೆಂಬರ್ ಜನವರಿಗಳಲ್ಲಿ ಹಗಲಿನ ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ರಾತ್ರಿಯಲ್ಲಿ 15ಕ್ಕೆ, ಕೆಲವು ರಾತ್ರಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಇಲ್ಲಿಯ ತೊಂದರೆಯು ಇದಕ್ಕೆ ತಿರುಗುಮುರುಗಾದದ್ದು. ಅಲ್ಲಿ ನೀರು ಹಿಗ್ಗಿ ಮನೆಯನ್ನು ಒಡೆಯುತ್ತದೆ. ಇಲ್ಲಿ ನೀರು ಹೊರಟುಹೋಗಿ, ನೆಲವು ಕುಗ್ಗಿ, ಮನೆಯನ್ನು ಒಡೆಯುತ್ತದೆ.

ಕರಿಮಣ್ಣಿನ, ಎಂದರೆ ಎರೆ ಭೂಮಿಯ, ಗುಣವನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾದುದಿಲ್ಲ. ಮಳೆ ಬಿದ್ದರೆ ಅದು ಉಬ್ಬುವುದು, ಒಣಗಿದರೆ ಬಾಯಿ ಬಿಡುವುದು. ಇದಕ್ಕೆ ಕಾರಣವು ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಅತಿ ಸೂಕ್ಷ್ಮವಾದ ಜೇಡಿ. ಅದರ ಪದರಗಳ ನಡುವೆ ನೀರು ಸೇರಿದಾಗ ಪದರಗಳು ದೂರ ಸರಿಯುತ್ತವೆ; ನೀರು ಹೋದಾಗ ಮತ್ತೆ ಒತ್ತೊತ್ತಾಗುತ್ತವೆ. ಹೊಲದಲ್ಲಿ ಈ ಗುಣವು ಉಪಕಾರಿಯೇ ಸರಿ. ಬಿರುಕಿನಲ್ಲಿ ಮೇಲ್ಮಣ್ಣು ಬಿದ್ದು ಭೂಮಿಯು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಅದೇ ಮಣ್ಣಿನ ಮೇಲೆ ಗೋಡೆ ನಿಂತಿದ್ದರೆ ಗೋಡೆಯೂ ವರ್ಷಕ್ಕೊಮ್ಮೆ ಏರಿಳಿಯಬೇಕಾಗುತ್ತದೆ. ಚಿತ್ತಾ, ಸ್ವಾತಿ ಮಳೆಗಳು ನಿಂತ ಮೇಲೆ ಒಣಹವೆ ಬೀಸತೊಡಗುತ್ತದೆ, ಆಕಾಶ ನಿರ್ಮಲವಾಗುತ್ತದೆ, ಮಣ್ಣಿನ ತೇವವು ಮೇಲಿನಿಂದ ಕೆಳಕ್ಕೆ ಆರುತ್ತ ಹೋಗುತ್ತದೆ. ಋತುವಿನಿಂದ ಋತುವಿಗೆ ತೇವದಲ್ಲಾಗುವ ಈ ವ್ಯತ್ಯಾಸವು ಎರೆ ಭೂಮಿಯಲ್ಲಿ ಸುಮಾರು ಮೂರೂವರೆ ಮೀಟರ್ ಆಳದವರೆಗೆ ಇರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಹಳೆಯ ಮನೆಗಳ ಬುನಾದಿಯು ಎರಡು ಮೂರು ಅಡಿಗಿಂತ ಆಳವಿರುವುದು ಅಪರೂಪ; ಅಂದಮೇಲೆ ಅವು ನಿಂತಿರುವುದು ಅಲುಗುವ ಪದರದ ಮೇಲೆಯೇ.

ಇದು ಈ ದೇಶದ ಎರೆ ಭೂಮಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ 1976ರಲ್ಲಿ ಬರ ಬಿದ್ದಾಗ ಲಂಡನ್ ಸುತ್ತಲಿನ ಜೇಡಿ ನೆಲವು ಒಣಗಿ ಕುಗ್ಗಿ, ಅಸಂಖ್ಯ ಮನೆಗಳ ಗೋಡೆಗಳು ಸೀಳಿದವು. ವಿಮಾ ಕಂಪನಿಗಳಿಗೆ ಅದು ದೊಡ್ಡ ಹೊರೆಯಾಯಿತು. ಅವರಿಗೆ ಅದು ಬರಗಾಲದ ವಿಪತ್ತು, ಇಲ್ಲಿ ಪ್ರತಿ ವರ್ಷದ ವ್ಯವಹಾರ.

ನಾಲವಾರ, ವಾಡಿ, ಶಹಾಬಾದ ಕಡೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಇಲ್ಲಿ ಎರೆಯ ಕೆಳಗೆ ಅನೇಕ ಕಡೆ ಸ್ವಲ್ಪ ಆಳದಲ್ಲಿಯೇ ಫರಸಿಯ ಕಲ್ಲು, ಎಂದರೆ ಶಹಾಬಾದಿ ಸುಣ್ಣಕಲ್ಲಿನ ಹಾಸು, ಸಿಗುತ್ತದೆ. ಆದರೆ ಅದು ಎಲ್ಲ ಕಡೆಯೂ ಒಂದೇ ಆಳದಲ್ಲಿರುವುದಿಲ್ಲ. ಮನೆಯ ಒಂದು ಮೂಲೆ ಬಂಡೆಯ ಮೇಲೆ, ಉಳಿದ ಮೂರು ಮೂಲೆಗಳು ಮಣ್ಣಿನ ಮೇಲೆ ಇದ್ದರೆ ಬಂಡೆಯ ಮೇಲಿನ ಭಾಗವು ಕದಲುವುದಿಲ್ಲ, ಉಳಿದದ್ದು ಚಳಿಗಾಲದಲ್ಲಿ ತಗ್ಗುತ್ತದೆ; ಎರಡೂ ಸೇರುವ ಸ್ಥಳದಲ್ಲಿ ಗೋಡೆ ಸೀಳುತ್ತದೆ. ಇಂತಹ ಮನೆಯನ್ನು ಮೂರು ಸಲ ಗಿಲಾವು ಮಾಡಿಸಿದರೂ ನಾಲ್ಕನೆಯ ವರ್ಷ ಅದೇ ಸ್ಥಳದಲ್ಲಿ ಬಿರುಕು ಕಾಣಿಸಿಕೊಳ್ಳುವುದು ಇದೇ ಕಾರಣದಿಂದ. ಮನೆಗೆ ದೃಷ್ಟಿಯಾಗಿದೆ ಎನ್ನುವವರು ಮೊದಲು ಬುನಾದಿಯನ್ನು ಒಂದು ಕಡೆ ಅಗೆಯಿಸಿ ನೋಡುವುದು ಮೇಲು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಮಾತ್ರ ಬಚ್ಚಲಿನ ನೀರು. ಮಳೆಗಾಲದಲ್ಲಿ ಮನೆಯ ನಾಲ್ಕೂ ಕಡೆಯ ನೆಲವು ನೆನೆದಿರುತ್ತದೆ. ಮನೆ ಉಬ್ಬಿದರೆ ಸರಿಸುಮಾರು ಒಟ್ಟಿಗೇ ಉಬ್ಬುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಮೂರು ಕಡೆಯ ನೆಲವು ಒಣಗಿ ಬಾಯಿಬಿಟ್ಟಿರುವಾಗ ಹಿತ್ತಿಲಿನ ಬಚ್ಚಲ ಮೂಲೆಯಲ್ಲಿ ದಿನವೂ ಹತ್ತಾರು ಕೊಡ ನೀರು ಗೋಡೆಯ ಬುಡಕ್ಕೇ ಇಳಿಯುತ್ತಿರುತ್ತದೆ. ಆ ಮೂಲೆ ಉಬ್ಬಿಯೇ ಇರುತ್ತದೆ, ಉಳಿದ ಮನೆ ಕುಗ್ಗುತ್ತದೆ. ಒಂದು ಮನೆಯಲ್ಲಿ ಒಂದು ಸಂಸಾರವಿದ್ದಾಗ ಇದು ಅಷ್ಟಾಗಿ ತೋರುವುದಿಲ್ಲ. ಬಾಡಿಗೆಯ ಆಸೆಯಿಂದ ಒಂದೇ ಮನೆಯನ್ನು ಮೂರು ಪಾಲು ಮಾಡಿ ಮೂರು ಕುಟುಂಬಗಳಿಗೆ ಕೊಟ್ಟು, ಮೂವರಿಗೂ ಅದೇ ಹಳೆಯ ಬಚ್ಚಲನ್ನು ಉಳಿಸಿದಾಗ ನೀರು ಮೂರು ಪಟ್ಟಾಗುತ್ತದೆ. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ಮನೆಗೆ ಬೇಡಿಕೆ ಹುಟ್ಟಿ, ವಾಸಕ್ಕೆಂದು ಕಟ್ಟಿದ ದೊಡ್ಡ ಮನೆಗಳು ಹೀಗೆ ಪಾಲಾದುದುಂಟು. ರೈಲ್ವೆಯವರು, ಫರಸಿ ಗಣಿಯ ಕೂಲಿಗಾರರು, ಶಾಲೆಯ ಮಾಸ್ತರರು ಇವರೆಲ್ಲ ಒಕ್ಕಲಿರುವುದು ಇಂತಹ ಪಾಲುಗಳಲ್ಲಿಯೇ.

ಇದಕ್ಕೆ ಉಪಾಯವು ಕಷ್ಟದ್ದಲ್ಲ, ದುಬಾರಿಯೂ ಅಲ್ಲ. ಬಚ್ಚಲ ನೀರನ್ನು ಕಟ್ಟಿದ ಕಾಲುವೆಯಲ್ಲಿ ಅಥವಾ ಕೊಳವೆಯಲ್ಲಿ ಗೋಡೆಯಿಂದ ಕನಿಷ್ಠ 10 ಅಡಿ ದೂರಕ್ಕೆ ಸಾಗಿಸತಕ್ಕದ್ದು. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲದ ಕಟ್ಟೆಯನ್ನು ಹಾಕಿ ಅದು ಹೊರಗಡೆಗೆ ಇಳಿಜಾರಾಗಿರುವಂತೆ ಮಾಡತಕ್ಕದ್ದು. ಕಟ್ಟೆಯ ಕೆಳಗಿನ ಎರೆಯನ್ನು ಒಂದೆರಡು ಅಡಿ ತೆಗೆದು ಗರಸು ಅಥವಾ ಮೊರಮ್ಮು ತುಂಬಿ ಧಮ್ಮಸು ಮಾಡಿ, ಅದರ ಮೇಲೆ ಫರಸಿಯನ್ನು ಹಾಸಿ, ಸಂದುಗಳನ್ನು ಭದ್ರವಾಗಿ ತುಂಬಬೇಕು. ಫರಸಿಯು ಈ ಸೀಮೆಯಲ್ಲಿ ಸಿಗುವಷ್ಟು ಅಗ್ಗವಾಗಿ ಮತ್ತೆಲ್ಲಿಯೂ ಸಿಗದು; ಗಣಿಯಲ್ಲಿ ಒಡೆದು ಬಿಸಾಡಿದ ತುಂಡುಗಳೇ ಇದಕ್ಕೆ ಸಾಕು. ಕಟ್ಟೆಯ ಪ್ರಯೋಜನವು ಇಮ್ಮಡಿಯಾದುದು. ಮಳೆಗಾಲದಲ್ಲಿ ಬುನಾದಿಗೆ ನೀರಿಳಿಯುವುದನ್ನು ತಡೆಯುವಂತೆಯೇ ಚಳಿಗಾಲದಲ್ಲಿ ಬುನಾದಿಯ ಮಣ್ಣಿನ ತೇವವು ಆರಿಹೋಗುವುದನ್ನೂ ಅದು ತಡೆಯುತ್ತದೆ. ಮನೆಗೆ ಬೇಕಾದುದು ಒಣನೆಲವೂ ಅಲ್ಲ, ಹಸಿನೆಲವೂ ಅಲ್ಲ. ವರ್ಷವಿಡೀ ಒಂದೇ ಬಗೆಯಾಗಿರುವ ನೆಲ.

ಉಬ್ಬದ ಜಿಗುಟು ಮಣ್ಣಿನ ದಪ್ಪ ಪದರವನ್ನು ಎರೆಯ ಮೇಲೆ ಹಾಸಿದರೆ ಅದು ಕೆಳಗಿನ ಎರೆಯ ಉಬ್ಬರವನ್ನು ಹಿಡಿದಿಡುತ್ತದೆಂಬುದನ್ನು ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಪ್ರಯೋಗಗಳಿಂದ ತೋರಿಸಿದರು. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಈ ಕ್ರಮವು ಬಳಕೆಯಾಯಿತು. ಬಾಡಿಗೆಗಾಗಿ ಹೊಸ ಮನೆಯನ್ನೇ ಕಟ್ಟಿಸುವವರು ಈ ಕ್ರಮವನ್ನಾಗಲಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ, ತಳದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನಾಗಲಿ ಎಂಜಿನಿಯರರನ್ನು ಕೇಳಿ ಅನುಸರಿಸಬಹುದು. ಅಂತಹ ಕಂಬಗಳು ಅಲುಗುವ ಪದರವನ್ನು ದಾಟಿ ಕೆಳಗಿನ ಸ್ಥಿರವಾದ ನೆಲವನ್ನು ಹಿಡಿಯುತ್ತವೆ.

ನೆಲದ ಬಿರುಕನ್ನು ಕಂಡ ಕೂಡಲೆ ಅದರಲ್ಲಿ ಕಲ್ಲುಚೂರು, ಇಟ್ಟಿಗೆಯ ಪುಡಿ, ಸಿಮೆಂಟುಗಳನ್ನು ತುಂಬಿಸುವ ರೂಢಿಯು ಕೆಟ್ಟದ್ದು. ಚಳಿಗಾಲದ ಕೊನೆಗೆ ಬಿರುಕು ಅಗಲವಾಗಿರುತ್ತದೆ. ಆಗ ಅದನ್ನು ಗಟ್ಟಿ ವಸ್ತುವಿನಿಂದ ತುಂಬಿದರೆ ಮೃಗಶಿರ, ಆರಿದ್ರಾ ಮಳೆಗಳಿಗೆ ಮಣ್ಣು ಉಬ್ಬುವಾಗ ಅದಕ್ಕೆ ಜಾಗವಿರುವುದಿಲ್ಲ. ಅದು ಗೋಡೆಯನ್ನೇ ನೂಕುತ್ತದೆ. ಗೋಡೆಯ ಬಿರುಕಿಗೂ ಈ ಮಾತು ಸಲ್ಲುತ್ತದೆ. ವರ್ಷವರ್ಷವೂ ತೆರೆದು ಮುಚ್ಚುವ ಬಿರುಕಿಗೆ ಸಿಮೆಂಟಿಗಿಂತ ಮೆದುವಾದ ಸುಣ್ಣದ ಗಾರೆಯೇ ಲೇಸು.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಬಿರುಕಿನ ಮೇಲೆ ಅಡ್ಡಲಾಗಿ ಎರಡು ಅಂಗುಲ ಅಗಲದ ಗಾರೆಯ ತೆಳು ಪಟ್ಟಿಯನ್ನು ಬಳಿದು ಅದರ ಮೇಲೆ ತಾರೀಖನ್ನು ಗೀರಬೇಕು. ಪಟ್ಟಿ ಒಡೆಯದಿದ್ದರೆ ಬಿರುಕು ಹಳೆಯದು, ಸುಮ್ಮನಿದೆ. ಒಡೆದರೆ ಎಂದು ಒಡೆಯಿತೆಂಬುದನ್ನು ಬರೆದಿಡಬೇಕು. ಕಾರ್ತಿಕದಲ್ಲಿ ಬಳಿದ ಪಟ್ಟಿಯು ಪುಷ್ಯದೊಳಗೆ ಒಡೆದರೆ ನೆಲವು ಕುಗ್ಗುತ್ತಿದೆಯೆಂದು ತಿಳಿಯತಕ್ಕದ್ದು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು, ಕೆಳಗೆ ಸಣ್ಣದಾಗಿದ್ದು ಮೇಲೆ ಅಗಲವಾಗುವ ಬಿರುಕು, ಮುಚ್ಚುತ್ತಿದ್ದ ಬಾಗಿಲು ಒಂದು ವಾರದಲ್ಲಿ ಚೌಕಟ್ಟಿಗೆ ಉಜ್ಜತೊಡಗುವುದು, ಇವೆಲ್ಲ ಬುನಾದಿಯ ಕುರುಹುಗಳು. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಗೀರುಗಳಿಗೆ ಹೆದರಬೇಕಾದುದಿಲ್ಲ. ನೆರಳಿಗೆಂದು ಗೋಡೆಯ ಹತ್ತಿರ ಬೆಳೆಸಿದ ಬೇವಿನ ಮರವೂ ಒಂದು ಕಾರಣವಾಗಬಹುದು. ಮಳೆಯಿಲ್ಲದ ಕಾಲದಲ್ಲಿ ಅದರ ಬೇರು ಬುನಾದಿಯ ತೇವವನ್ನೇ ಹೀರುತ್ತದೆ. ಗೋಡೆಯ ಸಂದಿನಲ್ಲಿ ಮಳೆಗಾಲದ ಕೊನೆಗೆ ಹುಟ್ಟಿದ ಅರಳಿಯ ಸಸಿಯನ್ನು ಎಲೆ ಮುರಿದು ಬಿಡದೆ, ಬೇರು ಸಮೇತ ಚಳಿಗಾಲದಲ್ಲಿಯೇ ಕೀಳಿಸಬೇಕು. ಅರಳಿಯನ್ನು ಕಡಿಯಬಾರದೆನ್ನುವವರು ಅದನ್ನು ಕೆರೆಯ ದಂಡೆಯಲ್ಲಿ ನೆಟ್ಟು ಪುಣ್ಯವನ್ನು ಪಡೆಯಬಹುದು.

ಇನ್ನು ಗೋಡೆಯ ವಿಷಯ. ಇಲ್ಲಿಯ ಹಳೆಯ ಗೋಡೆಗಳು ಎರಡು ಮುಖದವು; ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು ಮತ್ತು ಕೆಸರು. ಕೆಸರು ಒಣಗಿ ಪುಡಿಯಾದಂತೆ ಎರಡು ಸಾಲುಗಳ ನಂಟು ತಪ್ಪಿ ಗೋಡೆಯು ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆಯು ಬಿರುಕು ಬಿಟ್ಟ ಗೋಡೆಗಿಂತ ಅಪಾಯಕಾರಿಯಾದುದು. ಅದು ಮುನ್ಸೂಚನೆಯಿಲ್ಲದೆ ಬೀಳುವುದು. ಗೋಡೆಯ ತಲೆಯಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಹೊಟ್ಟೆ ಎಷ್ಟಿದೆಯೆಂದು ತಿಳಿಯುತ್ತದೆ. ಎರಡು ಮುಖಗಳನ್ನೂ ಹಿಡಿಯುವ ಉದ್ದನೆಯ ಅಡ್ಡಕಲ್ಲುಗಳನ್ನು ಅಲ್ಲಲ್ಲಿ ಕೂಡಿಸುವುದು ಇದಕ್ಕೆ ಪರಿಹಾರ.

ಗೋಡೆಯ ಬುಡದಲ್ಲಿ ಚಳಿಗಾಲದಲ್ಲಿ ಬೆಳ್ಳಗೆ ಉಪ್ಪು ಹೊಮ್ಮುವುದನ್ನು ಎಲ್ಲರೂ ಕಂಡಿರುತ್ತಾರೆ. ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಒಣಹವೆಗೆ ಹೊರಬರುವಾಗ ಮಣ್ಣಿನ ಲವಣವನ್ನು ಹೊತ್ತು ತರುತ್ತದೆ; ನೀರು ಆರಿದಾಗ ಲವಣವು ಹರಳಾಗಿ ಗಿಲಾವನ್ನು ಒಳಗಿನಿಂದ ಒಡೆದು ಉದುರಿಸುತ್ತದೆ. ಒಕ್ಕಲು ಹೊಸಬರು ಬರುವ ಮುನ್ನ ಮನೆ ಚೆಂದ ಕಾಣಲೆಂದು ಇದರ ಮೇಲೆ ಸಿಮೆಂಟಿನ ಗಿಲಾವನ್ನು ಬಡಿಸುವವರು ಬಹಳ. ಮಣ್ಣಿನ ಗೋಡೆಗೆ ಇದು ಉಸಿರು ಕಟ್ಟಿಸಿದಂತೆ. ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ ಕೆಸರು ಮೆತ್ತಗಾಗುತ್ತದೆ. ಹೊರಗಿನ ಸಿಮೆಂಟು ಹಲಗೆಯಂತೆ ನಿಂತಿರುವುದರಿಂದ ಒಳಗಿನ ಕೇಡು ಕಾಣುವುದೇ ಇಲ್ಲ. ಉಪ್ಪನ್ನು ಒಣ ಕುಂಚದಿಂದ ಉಜ್ಜಿ ತೆಗೆದು, ನೀರಿನ ಮೂಲವನ್ನು ತಪ್ಪಿಸಿ, ಮಣ್ಣಿನ ಅಥವಾ ಸುಣ್ಣದ ಗಿಲಾವನ್ನೇ ಮಾಡಿಸತಕ್ಕದ್ದು.

ಮಾಳಿಗೆಯ ವಿಷಯಕ್ಕೆ ಬಂದರೆ, ತೊಲೆ ಜಂತಿಗಳ ಮೇಲೆ ಹಲಗೆ ಅಥವಾ ಫರಸಿ, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು, ಇದೇ ಪೂರ್ವಿಕರ ಕ್ರಮ. ಸವಳು ಮಣ್ಣನ್ನು ಆರಿಸಿದ ಹಿರಿಯರ ಬುದ್ಧಿಯನ್ನು ಮೆಚ್ಚಬೇಕು. ಆ ಮಣ್ಣಿನಲ್ಲಿರುವ ಸೋಡಿಯಮ್ಮಿನಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಶತ್ರುವಾದ ಗುಣವು ಮಾಳಿಗೆಗೆ ಮಿತ್ರನಾಗುತ್ತದೆ. ಅದೇ ಮಣ್ಣನ್ನು ಗೋಡೆಗೆ ಬಳಿಸಿದರೆ ಮಾತ್ರ ಮೇಲೆ ಹೇಳಿದ ಉಪ್ಪಿನ ಕಾಟ ಹೆಚ್ಚುತ್ತದೆ.

ಚಳಿಗಾಲದಲ್ಲಿ ಹಗಲಿನ ಬಿಸಿಲಿಗೆ ಕಾದು ರಾತ್ರಿಯ ಚಳಿಗೆ ಕುಗ್ಗಿ ಮಾಳಿಗೆಯ ಮಣ್ಣು ಸೀಳುತ್ತದೆ, ಫರಸಿಯ ಸಂದುಗಳು ಬಿಚ್ಚುತ್ತವೆ. ಸೋರದಿರುವುದರಿಂದ ಇದನ್ನು ಯಾರೂ ಗಮನಿಸುವುದಿಲ್ಲ. ಮಳೆಗಾಲ ಹತ್ತಿರವಾದಾಗ ಗಾಬರಿಯಿಂದ ಹಳೆಯ ಮಣ್ಣಿನ ಮೇಲೆಯೇ ಹೊಸ ಮಣ್ಣನ್ನು ಹೇರುತ್ತಾರೆ. ವರ್ಷಕ್ಕೆ ಒಂದು ಅಂಗುಲವೆಂದರೂ ಹನ್ನೆರಡು ವರ್ಷಕ್ಕೆ ಒಂದು ಅಡಿಯಾಯಿತು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಚಿಕ್ಕ ಕೋಣೆಯ ಮೇಲೆ ಒಂದು ಅಡಿ ದಪ್ಪದ ಒಣಮಣ್ಣಿನ ಭಾರವು ಸುಮಾರು ನಾಲ್ಕೂವರೆ ಟನ್ನು. ಅದು ನೆನೆದಾಗ ಇನ್ನೂ ಹೆಚ್ಚು. ಆ ಭಾರವನ್ನು ಹೊತ್ತಿರುವುದು ಅಜ್ಜನ ಕಾಲದ ಜಂತಿಗಳು. ಅವುಗಳ ಕೆಳಗೆ ಮಲಗಿರುವುದು ಬಾಡಿಗೆ ಕೊಡುವವರ ಮಕ್ಕಳು.

ನೆರೆಯ ಲಾತೂರು ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಕಿಲಾರಿಯ ಭೂಕಂಪದಲ್ಲಿ ಸಾವಿರಾರು ಜನರು ಮಡಿದರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಭೂಮಿಯ ಅಲುಗಾಟಕ್ಕಿಂತ, ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳೂ ತಲೆಮಾರುಗಳಿಂದ ಮಣ್ಣು ಹೇರಿಸಿಕೊಂಡ ಮಾಳಿಗೆಗಳೂ ಆಗಿದ್ದವು. ಅಲ್ಲಿಯ ಮನೆಗಳಿಗೂ ಇಲ್ಲಿಯ ಮನೆಗಳಿಗೂ ರಚನೆಯಲ್ಲಿ ಹೇಳಿಕೊಳ್ಳುವ ಭೇದವಿಲ್ಲ. ಆದಕಾರಣ ಮಾಳಿಗೆಯ ದುರಸ್ತಿಯೆಂದರೆ ಮಣ್ಣು ಹೇರುವುದಲ್ಲ, ಮಣ್ಣು ಇಳಿಸುವುದು. ಹಳೆಯ ಮಣ್ಣನ್ನು ಎಂಟು ಅಂಗುಲದೊಳಗೆ ಬರುವಂತೆ ಕೆರೆದು ಇಳಿಸಿ, ಬಿರುಕುಗಳನ್ನು ಸಡಿಲಿಸಿ ಮತ್ತೆ ಬಡಿದು, ನೀರು ದೋಣಿಯ ಕಡೆಗೆ ಹರಿಯುವಂತೆ ಇಳಿಜಾರನ್ನು ಸರಿಪಡಿಸಿ, ಆಮೇಲೆ ಸವಳು ಮಣ್ಣಿನ ತೆಳುವಾದ ಹೊದಿಕೆಯನ್ನು ಕೊಡಬೇಕು. ಈ ಕೆಲಸವನ್ನು ಒಂದೇ ಕಡೆಯಿಂದ ಮಾಡುತ್ತ ಹೋಗಿ ಇಳಿಸಿದ ಮಣ್ಣನ್ನು ಇನ್ನೊಂದು ಬದಿಗೆ ಗುಡ್ಡೆ ಹಾಕುವುದು ಅಪಾಯಕರ. ಮಣ್ಣು ಕೂಡಲೆ ಕೆಳಗಿಳಿಯಬೇಕು. ಜಂತಿಗಳ ತುದಿಯು ಗೋಡೆಯೊಳಗೆ ಹೊಕ್ಕಿರುವ ಸ್ಥಳವನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಗೊರಲೆಯು ಮೊದಲು ತಿನ್ನುವುದು ಅಲ್ಲಿಯೇ. ಹೊರಗೆ ಬಣ್ಣ ನೆಟ್ಟಗಿದ್ದು ಒಳಗೆ ಟೊಳ್ಳಾಗಿರುತ್ತದೆ.

ನಾಲವಾರಕ್ಕೆ ಸಮೀಪದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿಯು 1986ರಲ್ಲಿ ಕುಸಿದು ಬಿದ್ದು, ದೇವಿಯ ಪೀಠವಾಗಿ ಬಳಕೆಯಾಗಿದ್ದ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂದುದು ನಾಡಿಗೆಲ್ಲ ತಿಳಿದ ಸಂಗತಿ. ಚಾವಣಿ ಬಿದ್ದುದರಿಂದ ಲಾಭವಾದ ಉದಾಹರಣೆಯು ಈ ತಾಲ್ಲೂಕಿನಲ್ಲಿ ಪ್ರಾಯಶಃ ಅದೊಂದೇ.

ಚಳಿಗಾಲದಲ್ಲಿ ಮಳೆಯೇ ಬರುವುದಿಲ್ಲವೆಂದು ನಂಬುವುದೂ ತಪ್ಪು. 2020ರ ಅಕ್ಟೋಬರ್ ನಡುವಿನಲ್ಲಿ, ಮುಂಗಾರು ಮುಗಿಯಿತೆಂದು ಜನರು ನಿಟ್ಟುಸಿರು ಬಿಡುವ ಹೊತ್ತಿಗೆ, ಕಲಬುರಗಿ ಜಿಲ್ಲೆಯಲ್ಲಿ ಅತಿವೃಷ್ಟಿಯಾಗಿ ಭೀಮಾ ನದಿಯು ಉಕ್ಕಿ ಹರಿಯಿತು. 2014ರ ಫೆಬ್ರವರಿ ಕೊನೆಯಿಂದ ಮಾರ್ಚಿನವರೆಗೆ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಆಲಿಕಲ್ಲಿನ ಮಳೆ ಬಿತ್ತು. ಒಣಗಿ ಸೀಳಿದ ಮಾಳಿಗೆಯ ಮೇಲೆ ಅಕಾಲದಲ್ಲಿ ಬಿದ್ದ ಒಂದು ತಾಸಿನ ಮಳೆಯು ಶ್ರಾವಣದ ಸೋನೆಗಿಂತ ಹೆಚ್ಚು ಕೆಡುಕನ್ನು ಮಾಡಬಲ್ಲದು, ಏಕೆಂದರೆ ನೀರು ನೇರವಾಗಿ ಬಿರುಕಿನೊಳಗೆ ಇಳಿಯುತ್ತದೆ. ತಗಡಿನ ಮನೆಗಳಲ್ಲಿ ಮೊಳೆಗಳ ಹಾಗೂ ಬೋಲ್ಟುಗಳ ಬಿಗಿಯನ್ನು ಈ ಕಾಲದಲ್ಲಿ ನೋಡಿದರೆ ಸಾಕು. ಆರ್.ಸಿ.ಸಿ. ಮಾಳಿಗೆಗಳಲ್ಲಿ ನೀರು ಹೋಗುವ ಬಾಯಿಯು ಎಲೆ ಕಸದಿಂದ ಕಟ್ಟಿಕೊಂಡಿರದಂತೆ ನೋಡಿಕೊಳ್ಳಬೇಕು. ಚಾವಣಿಯ ಕೆಳಮೈಯಲ್ಲಿ ತುಕ್ಕಿನ ಬಣ್ಣದ ಗೆರೆ ಕಂಡರೆ ಒಳಗಿನ ಕಬ್ಬಿಣವು ಉಬ್ಬುತ್ತಿದೆಯೆಂದು ತಿಳಿದು ತಡಮಾಡದೆ ಮೇಸ್ತ್ರಿಯನ್ನು ಕರೆಯಿಸಬೇಕು.

ಒಕ್ಕಲಿನವರು ಎಚ್ಚರ ವಹಿಸಬೇಕಾದ ಸಂಗತಿಗಳೂ ಕೆಲವುಂಟು. ತೊಗರಿಯ ಕಟ್ಟಿಗೆಯನ್ನು ಗೋಡೆಗೆ ಒರಗಿಸಿ ಒಟ್ಟುವುದರಿಂದ ಗೊರಲೆಗೆ ಏಣಿ ಇಟ್ಟುಕೊಟ್ಟಂತಾಗುತ್ತದೆ. ಕಣಿಕೆಯ ಬಣವೆಯೂ ಕಟ್ಟಿಗೆಯೂ ಗೋಡೆಯಿಂದ ದೂರವಿರಲಿ. ಕೋಣೆಯನ್ನು ತೊಗರಿಯ ದಾಸ್ತಾನಿಗೆ ಬಾಡಿಗೆಗೆ ಪಡೆದವರು ಕಾಳಿನ ತೇವವು ನೂರಕ್ಕೆ 12ನ್ನು ಮೀರದಂತೆ ಒಣಗಿಸಿ, ಚೀಲಗಳನ್ನು ತಣ್ಣನೆಯ ಫರಸಿಯ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಬೇಕು. ಗೋಡೆಗೆ ಒತ್ತಿ ಒಟ್ಟಿದ ಚೀಲಗಳು ಕೆಡುವುದಲ್ಲದೆ ಹೊಟ್ಟೆ ಬಿಟ್ಟ ಗೋಡೆಯನ್ನು ನೂಕುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದುದು ಬೆಂಕಿಯ ವಿಷಯ. ಚಳಿಗೆ ಹೆದರಿ ಬೆಳಕಿಂಡಿಗೆ ಗೋಣಿ ತುರುಕಿ, ಬಾಗಿಲು ಮುಚ್ಚಿ, ಬುಟ್ಟಿಯಲ್ಲಿ ಕೆಂಡವಿಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಮುಳುವು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಮುಚ್ಚಲಾಗದ ಒಂದು ಜಾಲರಿಯ ಕಿಂಡಿಯನ್ನು ಪ್ರತಿ ಕೋಣೆಯಲ್ಲಿ ಎತ್ತರದಲ್ಲಿ ಇಡಿಸುವುದು ಯಜಮಾನನ ಕರ್ತವ್ಯ.

ಇಷ್ಟೆಲ್ಲ ತಿಳಿದಿದ್ದರೂ ಮನೆಗಳು ಬೀಳುವುದೇಕೆ ಎಂದು ವಿಚಾರಿಸಿದರೆ ಕಾರಣವು ಮಣ್ಣಿನಲ್ಲಿಲ್ಲ, ಸಂಬಂಧದಲ್ಲಿದೆ. ಬಿರುಕನ್ನು ಮೊದಲು ನೋಡುವವನು ಒಕ್ಕಲಿನವನು. ಅವನು ಹೇಳುವುದಿಲ್ಲ. ಹೇಳಿದರೆ ಬಾಡಿಗೆ ಏರಿಸುವರು, ಇಲ್ಲವೆ ದುರಸ್ತಿಯ ನೆಪದಿಂದ ಮನೆ ಬಿಡಿಸುವರು ಎಂಬ ಭಯ ಅವನಿಗೆ. ಆ ಭಯವು ನಿರಾಧಾರವೂ ಅಲ್ಲ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು 15 ದಿನಗಳ ನೋಟೀಸಿನಿಂದ ಬಿಡಿಸಲು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಕಲಮಿನಲ್ಲಿ ಅವಕಾಶವಿದೆ. ಯಜಮಾನನಿಗಾದರೋ, ಕೇಳದ ದುರಸ್ತಿಗೆ ಹಣ ಹಾಕುವ ಮನಸ್ಸಿಲ್ಲ. ಹೀಗೆ ಇಬ್ಬರ ಮೌನದ ನಡುವೆ ಗೋಡೆ ಸೀಳುತ್ತದೆ.

ಅದೇ ಅಧಿನಿಯಮದ 108ನೆಯ ಕಲಮು ಈ ವಿಷಯದಲ್ಲಿ ಇಬ್ಬರಿಗೂ ಕೆಲವು ಹೊಣೆಗಳನ್ನು ಹೇಳುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಒಕ್ಕಲಿನವನು ಕಂಡುಹಿಡಿಯಲಾಗದ ಮುಖ್ಯ ದೋಷವು ಮನೆಯಲ್ಲಿದ್ದು ಅದು ಯಜಮಾನನಿಗೆ ತಿಳಿದಿದ್ದರೆ ಅದನ್ನು ಅವನು ತಿಳಿಸಲೇಬೇಕು. ಟೊಳ್ಳಾದ ಜಂತಿಗೆ ಬಣ್ಣ ಬಳಿದು ಬಾಡಿಗೆಗೆ ಕೊಡುವುದು ಈ ನಿಯಮಕ್ಕೆ ವಿರೋಧ. ತಾನು ಮಾಡಿಸಲು ಬದ್ಧನಾದ ದುರಸ್ತಿಯನ್ನು ನೋಟೀಸು ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಅವನು ಮಾಡಿಸದಿದ್ದರೆ ಒಕ್ಕಲಿನವನು ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ ‘ಬದ್ಧನಾದ’ ಎಂಬ ಮಾತನ್ನು ಗಮನಿಸತಕ್ಕದ್ದು. ಕರಾರಿನಲ್ಲಿ ಬರೆಯದಿದ್ದರೆ ದುರಸ್ತಿಯ ಹೊಣೆಯನ್ನು ಈ ಕಲಮು ತಾನಾಗಿಯೇ ಯಜಮಾನನ ಮೇಲೆ ಹೊರಿಸುವುದಿಲ್ಲ. ಒಕ್ಕಲಿನವನು ಸಹಜವಾದ ಸವೆತವನ್ನೂ ತಡೆಯಲಾಗದ ಶಕ್ತಿಯಿಂದಾದ ಹಾನಿಯನ್ನೂ ಬಿಟ್ಟು, ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಯುಕ್ತವಾದ ವೇಳೆಯಲ್ಲಿ ಯಜಮಾನನು ಬಂದು ಮನೆಯನ್ನು ಪರೀಕ್ಷಿಸಲು ಬಿಡಬೇಕು. ತನ್ನ ತಪ್ಪಿನಿಂದಾದ ಹಾನಿಯನ್ನು ನೋಟೀಸು ಮುಟ್ಟಿದ ಮೂರು ತಿಂಗಳೊಳಗೆ ಸರಿಪಡಿಸಬೇಕು. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯ ಮುಖ್ಯ ಭಾಗವು ಪೂರ್ತಿ ನಾಶವಾದರೆ ಕರಾರನ್ನು ಬಿಡುವ ಹಕ್ಕು ಅವನಿಗುಂಟು, ಆದರೆ ಹಾನಿಯು ಅವನದೇ ತಪ್ಪಿನಿಂದ ಆಗಿರಬಾರದು.

ನೆಲವು ಕುಗ್ಗಿ ಆದ ಬಿರುಕು ಸಹಜವಾದ ಸವೆತವೋ, ಬಚ್ಚಲ ನೀರನ್ನು ಗೋಡೆಗೆ ಬಿಟ್ಟ ಒಕ್ಕಲಿನವನ ತಪ್ಪೋ, ಕಾಲುವೆಯನ್ನೇ ಕಟ್ಟಿಸದ ಯಜಮಾನನ ತಪ್ಪೋ ಎಂಬ ವಾದವು ಮುಂಗಡದ ಹಣವನ್ನು ಹಿಂದಿರುಗಿಸುವ ದಿನ ಹುಟ್ಟುತ್ತದೆ. ಆ ದಿನ ಗ್ರಾಮದ ಹಿರಿಯರ ಮುಂದೆ ಎರಡೂ ಕಡೆಯವರು ಆಣೆ ಪ್ರಮಾಣಗಳನ್ನು ಮಾಡುವುದಕ್ಕಿಂತ, ಮನೆ ಕೊಡುವ ದಿನವೇ ಬಿರುಕುಗಳನ್ನೆಲ್ಲ ಎಣಿಸಿ, ಚಿತ್ರ ತೆಗೆದು, ಎರಡು ಪ್ರತಿಗಳಲ್ಲಿ ಬರೆದು ಸಹಿ ಮಾಡುವುದು ಲೇಸು. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರನ್ನು ಬರೆಯುವುದು ರೂಢಿ. ಆ ಕಾಗದದಲ್ಲಿ ಮೂರು ಮಾತುಗಳನ್ನು ಸೇರಿಸಿದರೆ ಸಾಕು: ಮಾಳಿಗೆ, ಗೋಡೆ, ಬುನಾದಿ, ಬಚ್ಚಲ ಕಾಲುವೆಗಳ ದುರಸ್ತಿಯು ಯಜಮಾನನದು; ಬಿರುಕು ಕಂಡ ಏಳು ದಿನಗಳೊಳಗೆ ತಿಳಿಸುವುದು ಒಕ್ಕಲಿನವನದು; ಹಾಗೆ ತಿಳಿಸಿದ್ದಕ್ಕಾಗಿ ಆ ವರ್ಷ ಬಾಡಿಗೆಯನ್ನು ಏರಿಸತಕ್ಕದ್ದಲ್ಲ, ಮನೆಯನ್ನು ಬಿಡಿಸತಕ್ಕದ್ದಲ್ಲ. ಮೂರನೆಯ ಮಾತಿಲ್ಲದೆ ಎರಡನೆಯದು ನಡೆಯುವುದಿಲ್ಲ. ಗ್ರಾಮದ ಪ್ರಮುಖರು ತಮ್ಮ ಮನೆಗಳ ಕರಾರಿನಲ್ಲಿ ಇದನ್ನು ಮೊದಲು ಬರೆದರೆ ಉಳಿದವರಿಗೆ ಹೇಳುವುದು ಸುಲಭವಾಗುತ್ತದೆ.

ಮನೆಯನ್ನು ನೋಡಲು ಮೂರು ದಿನಗಳನ್ನು ಗೊತ್ತು ಮಾಡಿಕೊಳ್ಳಬಹುದು. ದೀಪಾವಳಿಯ ಮರುವಾರ ಹೋಗಿ ಗಾರೆಯ ಪಟ್ಟಿಗಳನ್ನು ಬಳಿದು, ಬಚ್ಚಲ ಕಾಲುವೆಯನ್ನು ನೋಡಿ ಬರುವುದು. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಬಂದವರು ಆ ಸಂಜೆಯೋ ಮರುದಿನವೋ ಪಟ್ಟಿಗಳನ್ನು ಪರೀಕ್ಷಿಸುವುದು. ಪಟ್ಟಣದಲ್ಲಿರುವ ಯಜಮಾನರಿಗೆ ಇದಕ್ಕಾಗಿ ಬೇರೆ ಪ್ರಯಾಣ ಬೇಕಾಗುವುದಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಮಾಳಿಗೆಯನ್ನೇರಿ ಮಣ್ಣಿನ ದಪ್ಪವನ್ನು ಅಳೆದು ಕೆಲಸವನ್ನು ನಿಶ್ಚಯಿಸುವುದು. ಮೇಸ್ತ್ರಿಗೆ ಮತ್ತು ಆಳುಗಳಿಗೆ ಮಾತ್ರ ಮಾಘದಲ್ಲಿಯೇ ಮಾತು ಕೊಟ್ಟಿರಬೇಕು. ರಾಶಿ ಮುಗಿದು ಊರಲ್ಲಿ ಕೆಲಸ ಕಡಿಮೆಯಾದೊಡನೆ ಈ ಸೀಮೆಯ ಕೂಲಿಗಾರರು ಹೈದರಾಬಾದು, ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೋಗುತ್ತಾರೆ. ಯುಗಾದಿಯ ನಂತರ ಮಾಳಿಗೆಯ ಮಣ್ಣು ಇಳಿಸಲು ಬಲ್ಲ ನಾಲ್ಕು ಆಳುಗಳನ್ನು ಕೂಡಿಸುವುದು ನಾಲವಾರದಂತಹ ದೊಡ್ಡ ಊರಿನಲ್ಲಿಯೂ ಸುಲಭವಲ್ಲ.